ಸ್ವಲೀನತೆಯುಳ್ಳ ಮಕ್ಕಳಿಗೆ ವಿನೋದದ ಅವಕಾಶ

ಸ್ವಲೀನತೆ ಅಥವಾ ಆಟಿಸಂ ಎಂಬುದು ಮಾತು, ಒಡನಾಟ ಹಾಗೂ ಇಂದ್ರಿಯಾನುಭವಗಳಲ್ಲಿ ಕಾಣುವ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಭಿನ್ನತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿ ಇದೂ ಸೇರಿದೆ. ಅದರ 29ನೆಯ ಸೆಕ್ಷನ್ ಸಂಸ್ಕೃತಿ ಮತ್ತು ಮನರಂಜನೆಯಲ್ಲಿ, 30ನೆಯದು ಕ್ರೀಡೆಯಲ್ಲಿ ಇವರ ಪಾಲ್ಗೊಳ್ಳುವಿಕೆಗೆ ನೆರವಾಗುವ ಹೊಣೆಯನ್ನು ಸರಕಾರಕ್ಕೆ ವಹಿಸಿದೆ. ಆದರೂ ಸದ್ದು, ಪ್ರಖರ ಬೆಳಕು, ನೂಕುನುಗ್ಗಲು, ಸುತ್ತಲಿನವರ ದುರುಗುಟ್ಟುವ ನೋಟ ಇವರನ್ನು ಮನೆಯಲ್ಲೇ ಉಳಿಸುತ್ತವೆ.

ನಮ್ಮ ಕಾಸರಗೋಡಿನ ಯಕ್ಷಗಾನವನ್ನೇ ನೋಡೋಣ. ಚೆಂಡೆಯ ಅಬ್ಬರ ಕೆಲವು ಮಕ್ಕಳಿಗೆ ಸಹಿಸಲಾಗದ ನೋವು. ಇನ್ನು ಕೆಲವರಿಗೆ ಅದೇ ಪರಮಪ್ರಿಯ. ಸಂಜೆಯೇ ಚೌಕಿಗೆ ಕರೆದೊಯ್ದು ಬಣ್ಣ ಹಚ್ಚುವುದನ್ನು ತೋರಿಸಿದರೆ, ರಾತ್ರಿ ರಂಗಕ್ಕೆ ಬರುವ ಬಣ್ಣದ ವೇಷ ಮಗುವಿಗೆ ಅಪರಿಚಿತವೆನಿಸದು. ಧ್ವನಿವರ್ಧಕದಿಂದ ದೂರ, ಹೊರಹೋಗುವ ದಾರಿಯ ಬದಿಯಲ್ಲಿ ಕುರ್ಚಿ ಕಾದಿರಿಸಬೇಕು. ಕಿವಿ ಮುಚ್ಚುವ ಹೆಡ್‌ಫೋನ್ ಜೊತೆಗಿರಲಿ. ಬೆಳಗಿನವರೆಗೆ ಕೂರಲೇಬೇಕೆಂಬ ಹಠ ಬೇಡ. ಸಂಘಟಕರಿಗೆ ಇದರಿಂದ ಹೆಚ್ಚಿನ ಖರ್ಚೇನೂ ಇಲ್ಲ.

ಗಡಿನಾಡಿನಲ್ಲಿ ಭಾಷೆಯದೂ ಒಂದು ತೊಡಕು. ಮನೆಯಲ್ಲಿ ಕನ್ನಡ ಅಥವಾ ತುಳು, ತರಬೇತಿಯಲ್ಲಿ ಮಲಯಾಳ ಮಾತ್ರ ಎಂದಾದರೆ, ಈಜುಕೊಳದ ಬಳಿ ‘ನಿಲ್ಲು’ ಎಂಬ ಸೂಚನೆಯೇ ಮಗುವಿಗೆ ತಲುಪದಿರಬಹುದು. ಚಿತ್ರಫಲಕಗಳಲ್ಲಿ ಮನೆಮಾತಿನ ಪದವನ್ನೂ ಬರೆಯುವಂತೆ ಹೆತ್ತವರು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.