ಕಾಪು: ಕಡಲ ದೀಪವೂ ತಾಮ್ರದ ಶಾಸನವೂ

ಮಂಗಳೂರಿನಿಂದ ಉಡುಪಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಮೂಲ್ಕಿ, ಪಡುಬಿದ್ರೆ, ಉಚ್ಚಿಲಗಳನ್ನು ದಾಟಿದ ಮೇಲೆ ಕಾಪು ಎದುರಾಗುತ್ತದೆ. ಪೇಟೆಯಿಂದ ಪಶ್ಚಿಮಕ್ಕೆ ತಿರುಗಿ ತೆಂಗಿನ ತೋಟಗಳ ನಡುವಿನ ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಕಡಲು. ಮರಳ ದಂಡೆಯ ಅಂಚಿನಲ್ಲಿ, ಅಲೆಗಳಿಗೆ ಎದೆಯೊಡ್ಡಿ ನಿಂತ ದೊಡ್ಡದೊಂದು ಬಂಡೆ. ಆ ಬಂಡೆಯ ನೆತ್ತಿಯ ಮೇಲೆ ಕಪ್ಪು ಬಿಳುಪು ಪಟ್ಟೆಗಳ ದೀಪಸ್ತಂಭ. 1901ರಲ್ಲಿ, ಈ ಪ್ರದೇಶವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಇದನ್ನು ಕಟ್ಟಲಾಯಿತು. ಎತ್ತರ ಸುಮಾರು 27 ಮೀಟರು. ಸಂಜೆಯ ಹೊತ್ತಿಗೆ ಇಲ್ಲಿ ಜನ ನೆರೆಯುತ್ತಾರೆ. ಬಂಡೆಯ ಮೆಟ್ಟಿಲುಗಳನ್ನು ಏರಿ, ಸ್ತಂಭದೊಳಗಿನ ಸುತ್ತುಮೆಟ್ಟಿಲನ್ನು ಹತ್ತಿ ಮೇಲೆ ನಿಂತರೆ ಒಂದು ಕಡೆ ಮುಗಿಯದ ನೀಲಿ, ಇನ್ನೊಂದು ಕಡೆ ಮುಗಿಯದ ಹಸುರು. ಬಂದವರು ಸೂರ್ಯಾಸ್ತವನ್ನು ನೋಡಿ ಮರಳುತ್ತಾರೆ. ಆದರೆ ಈ ಊರಿನ ಚರಿತ್ರೆಯಲ್ಲಿ ನೋಡತಕ್ಕದ್ದು ಸೂರ್ಯಾಸ್ತವಷ್ಟೇ ಅಲ್ಲ.

'ಕಾಪು' ಎಂಬ ಶಬ್ದವೇ ಮೊದಲು ಗಮನಿಸಬೇಕಾದದ್ದು. ಹಳಗನ್ನಡದಲ್ಲಿ ಕಾಪು ಎಂದರೆ ರಕ್ಷಣೆ, ಕಾವಲು. ಕಾಯುವ ಕ್ರಿಯೆಯೂ ಹೌದು, ಕಾಯುವ ವ್ಯವಸ್ಥೆಯೂ ಹೌದು. 'ಕಾಪಾಡು', 'ಕಾಪಿಡು' ಎಂಬ ಇಂದಿನ ಮಾತುಗಳಲ್ಲಿ ಆ ಹಳೆಯ ಶಬ್ದ ಇನ್ನೂ ಜೀವಂತವಾಗಿದೆ. ಊರಿಗೆ ಈ ಹೆಸರು ಹೇಗೆ ಬಂದಿತೆಂಬ ಚರ್ಚೆ ಏನೇ ಇರಲಿ, ಹೆಸರಿಗೂ ಊರಿನ ಚರಿತ್ರೆಗೂ ಒಂದು ಹೊಂದಿಕೆ ಇರುವುದಂತೂ ನಿಜ. ಕಾಯುವುದು ಎಂದರೆ ಏನು, ಕಾಯುವವರು ಯಾರು, ಕಾವಲಿನ ವೆಚ್ಚವನ್ನು ಹೊರುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಈ ಒಂದು ಊರು ಎರಡು ಭಿನ್ನ ಕಾಲಗಳಲ್ಲಿ ಎರಡು ಉತ್ತರಗಳನ್ನು ಕೊಟ್ಟಿದೆ. ಒಂದು ಉತ್ತರ ಬಂಡೆಯ ಮೇಲಿನ ದೀಪಸ್ತಂಭದಲ್ಲಿದೆ. ಇನ್ನೊಂದು, ಅದಕ್ಕಿಂತ ಮೂರೂವರೆ ಶತಮಾನಗಳಷ್ಟು ಹಳೆಯದಾದ ತಾಮ್ರಶಾಸನದಲ್ಲಿದೆ.

ದೀಪಸ್ತಂಭಗಳು ಬರುವ ಮೊದಲೂ ಈ ಕರಾವಳಿಯಲ್ಲಿ ಹಡಗುಗಳು ಓಡಾಡುತ್ತಿದ್ದವು. ಬಾರಕೂರು, ಮಂಗಳೂರು, ಬಸರೂರು, ಭಟ್ಕಳ ಮೊದಲಾದ ರೇವುಗಳ ವ್ಯಾಪಾರ ಅರಬ್ಬೀ ದೇಶಗಳವರೆಗೆ ಹಬ್ಬಿತ್ತು. ಅಂದಿನ ನಾವಿಕರು ದಡವನ್ನು ಗುರುತಿಸುತ್ತಿದ್ದುದು ನಿಸರ್ಗವೇ ಇಟ್ಟ ಗುರುತುಗಳಿಂದ. ಕಡಲಿನಿಂದ ಕಾಣುವ ಘಟ್ಟದ ಶಿಖರಗಳು, ನೀರಿಗೆ ಚಾಚಿಕೊಂಡ ಬಂಡೆಗಳು, ನದಿಯ ಅಳಿವೆಗಳು, ದ್ವೀಪಗಳ ಸಾಲು ಇವೇ ಅವರ ನಕ್ಷೆ. ಕುದುರೆಮುಖ ಎಂಬ ಹೆಸರೇ ದೂರದಿಂದ ಕಾಣುವ ಆಕಾರದಿಂದ ಬಂದದ್ದು. ಆ ಶಿಖರ ಕಡಲ ಪಯಣಿಗರಿಗೆ ಬಹುಕಾಲ ದಿಕ್ಕುತೋರುವ ಗುರುತಾಗಿತ್ತು. ಆದರೆ ಈ ಗುರುತುಗಳೆಲ್ಲ ಹಗಲಿನವು. ಕತ್ತಲಾದೊಡನೆ ಹಗಲಲ್ಲಿ ದಾರಿ ತೋರಿದ ಬಂಡೆಯೇ ಹಡಗನ್ನು ಒಡೆಯುವ ಬಂಡೆಯಾಗುತ್ತಿತ್ತು. ಮುಂಗಾರಿನ ತಿಂಗಳುಗಳಲ್ಲಂತೂ ಕಡಲು ಮುಚ್ಚಿದ ಬಾಗಿಲು. ಇಂದಿಗೂ ಮೊಗವೀರರು ನೂಲಹುಣ್ಣಿಮೆಯ ದಿನ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ, ಆಮೇಲೆ ಬಲೆ ಹಿಡಿಯುವ ಸಂಪ್ರದಾಯವಿದೆ. ಕಡಲಿನೊಡನೆ ಬದುಕುವವರಿಗೆ ರಕ್ಷೆಯ ಪ್ರಾರ್ಥನೆ ಅಲಂಕಾರದ ಮಾತಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಹಬೆ ಹಡಗುಗಳ ಸಂಚಾರ ಹೆಚ್ಚಿದಂತೆ ರಾತ್ರಿಯ ಗುರುತುಗಳ ಅಗತ್ಯವೂ ಹೆಚ್ಚಿತು. ಕಾರವಾರದ ಎದುರಿನ ದೇವಗಡ ದ್ವೀಪದಲ್ಲಿ 1864ರಲ್ಲಿಯೇ ದೀಪ ಬೆಳಗಿತು. ಮಂಗಳೂರಿನ ಬಾವುಟಗುಡ್ಡೆಯ ಮೇಲೂ ಒಂದು ದೀಪಸ್ತಂಭವಿತ್ತು. ಅದರ ಮೂಲವನ್ನು ಜನ ಹೈದರಾಲಿಯ ಕಾವಲುಗೋಪುರಕ್ಕೆ ಒಯ್ಯುತ್ತಾರೆ. ಇಂದು ಅಲ್ಲಿ ಕಡಲಿಗೆ ತೋರುವ ದೀಪವಿಲ್ಲ, 'ಲೈಟ್‌ಹೌಸ್ ಹಿಲ್' ಎಂಬ ಹೆಸರು ಉಳಿದಿದೆ. ಸುರತ್ಕಲ್ಲಿನ ದೀಪಸ್ತಂಭ 1972ರದು. ಈ ಸಾಲಿನಲ್ಲಿ ಕಾಪುವಿನ ದೀಪ ನಡುವಣದು.

ದೀಪಸ್ತಂಭದ ಕೆಲಸ ಬೆಳಕು ಕೊಡುವುದಷ್ಟೇ ಎಂದು ತಿಳಿಯುವುದು ಸಹಜ. ಆದರೆ ಬೆಳಕನ್ನು ಕಂಡ ನಾವಿಕನಿಗೆ ಅದು ಯಾವ ಊರಿನ ಬೆಳಕು ಎಂದು ತಿಳಿಯದಿದ್ದರೆ ಪ್ರಯೋಜನಕ್ಕಿಂತ ಅಪಾಯವೇ ಹೆಚ್ಚು. ಆದ್ದರಿಂದ ಪ್ರತಿಯೊಂದು ದೀಪಕ್ಕೂ ತನ್ನದೇ ಆದ ಮಿನುಗುವ ಲಯವಿರುತ್ತದೆ: ಇಷ್ಟು ಸೆಕೆಂಡುಗಳಿಗೆ ಇಷ್ಟು ಮಿಂಚು ಎಂಬ ಲೆಕ್ಕ. ಹಗಲಿನಲ್ಲಿ ಗುರುತಿಸಲು ಸ್ತಂಭದ ಬಣ್ಣವೂ ಪಟ್ಟೆಯ ರೀತಿಯೂ ಇವೆ. ಕಾಪುವಿನ ಕಪ್ಪು ಬಿಳುಪು ಅಡ್ಡಪಟ್ಟೆಗಳು ಸೊಗಸಿಗಾಗಿ ಬಳಿದವಲ್ಲ. ಅವು ಅದರ ಹಗಲಿನ ಹೆಸರು. ಇವೆಲ್ಲವೂ ನಾವಿಕರ ಕೈಪಿಡಿಗಳಲ್ಲಿ ದಾಖಲಾಗಿರುತ್ತವೆ. ಜೈನ ಶಿಲ್ಪವನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವಲ್ಲ. ಧ್ಯಾನಸ್ಥರಾದ ತೀರ್ಥಂಕರರ ಬಿಂಬಗಳು ಮೇಲ್ನೋಟಕ್ಕೆ ಬಹುಮಟ್ಟಿಗೆ ಒಂದೇ ಬಗೆಯವು. ಪೀಠದ ಮೇಲಿನ ಲಾಂಛನವನ್ನು ಕಂಡು ಇವನು ವೃಷಭನಾಥ, ಇವನು ಶಾಂತಿನಾಥ ಎಂದು ಅರಿಯಬೇಕು. ಹದಿನೈದನೆಯ ತೀರ್ಥಂಕರನಾದ ಧರ್ಮನಾಥನ ಲಾಂಛನ ವಜ್ರ. ಕಾಪುವಿನ ಹಳೆಯ ಬಸದಿ ಈ ಧರ್ಮನಾಥನದೇ ಆಗಿತ್ತು.

ಬೆಳಕಿಗೆ ಎಣ್ಣೆ ಬೇಕು, ಎಣ್ಣೆಗೆ ಹಣ ಬೇಕು. ಮದರಾಸಿನಲ್ಲಿ 1796ರಲ್ಲಿ ಕೋಟೆಯ ಕಟ್ಟಡವೊಂದರ ಮಾಳಿಗೆಯ ಮೇಲೆ ಇರಿಸಿದ ಮೊದಲ ದೀಪ ಉರಿದದ್ದು ತೆಂಗಿನೆಣ್ಣೆಯಿಂದ. ಮುಂದೆ ಸೀಮೆಎಣ್ಣೆ ಬಂದಿತು, ಅನಿಲ ಬಂದಿತು, ಕೊನೆಗೆ ವಿದ್ಯುತ್ತು ಬಂದಿತು. ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ರೂಪಿಸಿದ ಪಟ್ಟಕಗಳ ಮಸೂರವು ಸಣ್ಣ ಜ್ವಾಲೆಯ ಬೆಳಕನ್ನೂ ಚೆದುರಗೊಡದೆ ಒಂದು ಕಿರಣಪುಂಜವಾಗಿ ಕಡಲಿಗೆ ಕಳುಹಿಸಿತು. ಸಾಧನಗಳು ಬದಲಾದರೂ ವೆಚ್ಚದ ಪ್ರಶ್ನೆ ಬದಲಾಗಲಿಲ್ಲ. ಭಾರತದಲ್ಲಿ ಇದಕ್ಕೆ ಒಂದು ಸುಸಂಬದ್ಧ ಉತ್ತರ ದೊರೆತದ್ದು 1927ರ ದೀಪಸ್ತಂಭ ಕಾಯಿದೆಯಲ್ಲಿ. ಬಂದರುಗಳಿಗೆ ಬಂದು ಹೋಗುವ ಹಡಗುಗಳಿಂದ ಅವುಗಳ ಗಾತ್ರಕ್ಕೆ ತಕ್ಕಂತೆ 'ದೀಪಸುಂಕ' ವಸೂಲು ಮಾಡಿ, ಆ ಹಣದಿಂದ ದೀಪಗಳನ್ನು ನಡೆಸುವ ಕ್ರಮ ಅದು. ಐವತ್ತು ಟನ್ನಿಗಿಂತ ಕಡಿಮೆಯ ನಾವೆಗಳಿಗೆ ಆ ಕಾಯಿದೆ ಸುಂಕದಿಂದ ವಿನಾಯಿತಿ ಕೊಟ್ಟಿತು. ಅಂದರೆ, ದೊಡ್ಡ ಹಡಗು ತೆತ್ತ ಹಣದಿಂದ ಉರಿಯುವ ಬೆಳಕು ಏನೂ ತೆರದ ಮೀನುಗಾರನ ದೋಣಿಗೂ ದಾರಿ ತೋರಿತು. 2021ರಲ್ಲಿ ಆ ಕಾಯಿದೆಯ ಸ್ಥಾನದಲ್ಲಿ ಹೊಸ ಕಾಯಿದೆ ಬಂದಿದೆ.

ಒಂದು ಒಳ್ಳೆಯ ಕೆಲಸವನ್ನು ಆರಂಭಿಸಿದವನು ಇಲ್ಲವಾದ ಮೇಲೂ ಅದು ನಡೆಯುತ್ತಿರಬೇಕಾದರೆ ಅದಕ್ಕೊಂದು ಜೀವನೋಪಾಯ ಬೇಕು ಎಂಬ ತಿಳಿವಳಿಕೆ ಕನ್ನಡ ನಾಡಿಗೆ ಹೊಸದಲ್ಲ. ಶಾಸನಗಳನ್ನು ತೆರೆದರೆ ನಂದಾದೀಪಕ್ಕೆ ಬಿಟ್ಟ ಗಾಣದೆಣ್ಣೆ, ಪೂಜೆಗೆ ಬಿಟ್ಟ ಗದ್ದೆ, ಜೀರ್ಣೋದ್ಧಾರಕ್ಕೆ ಬಿಟ್ಟ ಸುಂಕ ಮೊದಲಾದ ದತ್ತಿಗಳು ಸಾಲುಗಟ್ಟಿ ನಿಂತಿವೆ. ಕಾಪುವಿನ 1556ರ ತಾಮ್ರಶಾಸನವೂ ಇಂತಹದೇ. ಊರನ್ನು ಆಳುತ್ತಿದ್ದ ಜೈನ ಅರಸು ಮದ್ದಹೆಗ್ಗಡೆಯು ಸಮೀಪದ ಮಲ್ಲಾರಿನ ಭೂಮಿಯನ್ನು ಧರ್ಮನಾಥ ಬಸದಿಯ ಧರ್ಮಕಾರ್ಯಕ್ಕಾಗಿ ದಾನ ಕೊಟ್ಟ ದಾಖಲೆ ಅದು. ಕಾರ್ಕಳದ ಬಾಹುಬಲಿ ನಿಂತು (1432) ಶತಮಾನ ಕಳೆದಿತ್ತು. ವೇಣೂರಿನ ಬಾಹುಬಲಿ ನಿಲ್ಲಲು (1604) ಇನ್ನೂ ಅರ್ಧ ಶತಮಾನವಿತ್ತು. ಅಂತಹ ಮಹಾಕಾರ್ಯಗಳ ನಡುವೆ ಒಬ್ಬ ಸಣ್ಣ ಹೆಗ್ಗಡೆಯ ತುಂಡು ಭೂಮಿಯ ದಾನ ಅಲ್ಪವಾಗಿ ಕಾಣಬಹುದು. ಆದರೆ ಆ ದಾನವನ್ನು ಉಳಿಸಿಕೊಳ್ಳಲು ಅವನು ಕಟ್ಟಿದ ಕಾವಲು ಅಲ್ಪವಾದುದಲ್ಲ.

ಅಂದಿನ ರಾಜಕೀಯ ಸ್ಥಿತಿಯನ್ನು ನೆನೆಯಬೇಕು. ವಿಜಯನಗರದ ಸಿಂಹಾಸನದಲ್ಲಿದ್ದವನು ಸದಾಶಿವರಾಯ. ಅದೇ 1556ರಲ್ಲಿ ಶ್ರೀಪೆರುಂಬೂದೂರಿನ ರಾಮಾನುಜಾಚಾರ್ಯರ ಸನ್ನಿಧಿಗೆ ಗ್ರಾಮಗಳನ್ನು ಬಿಟ್ಟುಕೊಟ್ಟ ತಾಮ್ರಶಾಸನ ಅವನದಿದೆ. ಅವನ ಅಧೀನದಲ್ಲಿ ಬಾರಕೂರು, ಮಂಗಳೂರು ರಾಜ್ಯಗಳನ್ನು ನೋಡಿಕೊಳ್ಳುತ್ತಿದ್ದವನು ಕೆಳದಿಯ ಸದಾಶಿವನಾಯಕ. ಅವನದು ವೀರಶೈವ ಮನೆತನ. ಅವರಿಬ್ಬರ ಕೆಳಗೆ, ಕಡಲ ಅಂಚಿನಲ್ಲಿ, ಜೈನನಾದ ಹೆಗ್ಗಡೆ. ಮೇಲಿನ ಎರಡು ಅಧಿಕಾರಗಳೂ ತನ್ನ ಧರ್ಮದವಲ್ಲ. ನಾಳೆ ಊರಿನ ಒಡೆತನ ಯಾರ ಕೈಗೆ ಹೋಗುವುದೋ ತಿಳಿಯದು. ಇಂತಹ ಸ್ಥಿತಿಯಲ್ಲಿ ಬಸದಿಯ ಭೂಮಿಯನ್ನು ಕಾಯುವವರು ಯಾರು?

ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯಗಳು ಸಾಮಾನ್ಯವಾಗಿ ಸಿದ್ಧಮಾದರಿಯವು. ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುತ್ತಾನೆ, ವಾರಾಣಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಮಾತುಗಳು ನೂರಾರು ಶಾಸನಗಳಲ್ಲಿವೆ. ಕಾಪುವಿನ ಶಾಸನ ಇದರಿಂದ ತೃಪ್ತವಾಗುವುದಿಲ್ಲ. ಅದು ಶಾಪವನ್ನು ಮೂರಾಗಿ ಹಂಚುತ್ತದೆ. ಈ ಧರ್ಮವನ್ನು ಕೆಡಿಸುವವನು ಜೈನನಾದರೆ ಬೆಳಗೊಳದ ಗುಮ್ಮಟನಾಥ, ಕೊಪಣದ ಚಂದ್ರನಾಥ, ಊರ್ಜಯಂತಗಿರಿಯ ನೇಮೀಶ್ವರ ಬಿಂಬಗಳನ್ನು ಒಡೆದ ಪಾಪ ಅವನಿಗೆ. ಶೈವನಾದರೆ ಪರ್ವತ, ಗೋಕರ್ಣ ಮೊದಲಾದೆಡೆ ಕೋಟಿ ಲಿಂಗಗಳನ್ನು ಒಡೆದ ಪಾಪ. ವೈಷ್ಣವನಾದರೆ ತಿರುಮಲೆ ಮೊದಲಾದ ಕ್ಷೇತ್ರಗಳ ವಿಷ್ಣುಮೂರ್ತಿಗಳನ್ನು ಒಡೆದ ಪಾಪ ಎಂಬುದು ಅದರ ಆಶಯ.

ಇದನ್ನು ಸರ್ವಧರ್ಮ ಸಮನ್ವಯದ ಮಾತೆಂದು ಕರೆದು ಮುಂದೆ ಹೋಗುವುದು ಸುಲಭ. ಆದರೆ ಹೆಗ್ಗಡೆಯ ಮಾತಿನಲ್ಲಿ ಸೌಜನ್ಯಕ್ಕಿಂತ ಹೆಚ್ಚಿನ ವಿವೇಕವಿದೆ. ನಂಬಿಕೆಯಿಲ್ಲದ ದೇವರ ಹೆಸರಿನ ಶಾಪ ಯಾರನ್ನೂ ತಡೆಯದು ಎಂಬುದು ಅವನಿಗೆ ತಿಳಿದಿತ್ತು. ಆದ್ದರಿಂದಲೇ ಅವನು ಪ್ರತಿಯೊಬ್ಬನನ್ನೂ ಅವನವನ ಶ್ರದ್ಧೆಯ ಸಾಕ್ಷಿಯಲ್ಲಿ ನಿಲ್ಲಿಸಿದ. ಬಸದಿಯ ಭೂಮಿಯನ್ನು ಕಾಯಲು ಜೈನನಲ್ಲದವನು ಜಿನನನ್ನು ನಂಬಬೇಕಾಗಿಲ್ಲ. ತನ್ನ ದೇವರನ್ನು ಪ್ರಾಮಾಣಿಕವಾಗಿ ನಂಬಿದರೆ ಸಾಕು. ಇನ್ನೊಂದು ಅಂಶವೂ ಇದೆ. ಧರ್ಮನಾಥನ ಒಂದು ತುಂಡು ಭೂಮಿಯನ್ನು ಕಸಿಯುವುದು ತಿರುಮಲೆಯ ಮೂರ್ತಿಯನ್ನು ಒಡೆದುದಕ್ಕೆ ಸಮ ಎನ್ನುವಾಗ, ಕಡಲ ಬದಿಯ ಚಿಕ್ಕ ಬಸದಿಗೂ ಮಹಾಕ್ಷೇತ್ರಗಳಿಗೂ ನಡುವಿನ ಅಂತರವನ್ನೇ ಶಾಸನ ಅಳಿಸಿಬಿಡುತ್ತದೆ. ಗಿರಿನಾರದಿಂದ ತಿರುಪತಿಯವರೆಗೆ ಹಬ್ಬಿದ ಒಂದು ನಕ್ಷೆಯ ಮೇಲೆ ಕಾಪು ತನ್ನ ಸ್ಥಾನವನ್ನು ಗುರುತಿಸಿಕೊಳ್ಳುತ್ತದೆ.

ಈ ವಿವೇಕಕ್ಕೆ ಒಂದು ಪೂರ್ವಪರಂಪರೆಯೂ ಇತ್ತು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾದಾಗ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ನಿರ್ಣಯಿಸಿದ್ದು ಶ್ರವಣಬೆಳಗೊಳದ ಶಾಸನದಿಂದ ಎಲ್ಲರಿಗೂ ತಿಳಿದ ಸಂಗತಿ. ಅದೇ ಶಾಸನದ ಮುಂದಿನ ಭಾಗ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೂಡಿಸಿ, ಆ ಹಣದಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಉಳಿದುದರಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದು ಅದು ವಿಧಿಸುತ್ತದೆ. ಅದನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನದು. ಸೌಹಾರ್ದದ ಘೋಷಣೆ ಮಾಡಿ ಸುಮ್ಮನಾಗದೆ ಕಾವಲಿನ ಸಂಬಳ ಎಲ್ಲಿಂದ ಬರಬೇಕೆಂಬುದನ್ನೂ ಬರೆಸಿದ್ದರಲ್ಲಿ ಆ ತೀರ್ಪಿನ ನಿಜವಾದ ಹಿರಿಮೆಯಿದೆ. ಬುಕ್ಕರಾಯನಿಗೆ ರಾಜದಂಡವಿತ್ತು. ಮದ್ದಹೆಗ್ಗಡೆಗೆ ಇದ್ದದ್ದು ತಾಮ್ರದ ತಗಡು ಮತ್ತು ಮಾತು.

ಆ ಮಾತು ಗೆದ್ದಿತೇ? ಬಸದಿಯ ಅಂದಿನ ವೈಭವ ಇಂದಿಲ್ಲ. ಹೆಗ್ಗಡೆಗಳ ಆಳ್ವಿಕೆ ಮುಗಿಯಿತು. ಕೆಳದಿಯೂ ಹೋಯಿತು, ಮೈಸೂರಿನ ಸುಲ್ತಾನರೂ ಹೋದರು, ಕಂಪನಿ ಬಂದಿತು. ಸುಗ್ಗಿಯ ಮಾರಿಪೂಜೆಗೆ ಕಾಪುವಿನ ಮೂರು ಮಾರಿಗುಡಿಗಳಿಗೆ ಸಹಸ್ರಾರು ಜನ ಬರುತ್ತಾರೆ. ದೀಪಸ್ತಂಭಕ್ಕೆ ದಿನವೂ ಬರುತ್ತಾರೆ. ಧರ್ಮನಾಥನ ಹೆಸರನ್ನು ಕೇಳಿಕೊಂಡು ಬರುವವರು ವಿರಳ. ಬಸದಿಯನ್ನು ಕಾಯಲು ಬರೆಸಿದ ಶಾಸನ ಉಳಿಯಿತು, ಕಾಯಬೇಕಾದದ್ದು ಸವೆಯಿತು ಎಂದು ಕೊರಗಬಹುದು. ಆದರೆ ಆ ಶಾಸನವನ್ನು ಕರಗಿಸಿ ಪಾತ್ರೆ ಮಾಡದೆ ತಲೆಮಾರುಗಳ ಕಾಲ ಕಾಪಿಟ್ಟವರಿದ್ದುದರಿಂದಲೇ ಅದು ವಿದ್ವಾಂಸರ ಕೈಸೇರಿ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟವಾಯಿತು ಎಂಬುದನ್ನೂ ಮರೆಯಬಾರದು.

ಶಾಪದ ಕಾವಲು ಕೇಳುವವರ ನಂಬಿಕೆ ಇರುವಷ್ಟು ಕಾಲ ನಿಲ್ಲುತ್ತದೆ. ಸುಂಕದ ಕಾವಲು ಕಾನೂನು ಮತ್ತು ಹಡಗು ಇರುವಷ್ಟು ಕಾಲ ನಿಲ್ಲುತ್ತದೆ. ಬಾವುಟಗುಡ್ಡೆಯ ದೀಪ ನಿಂತಂತೆ ಯಾವ ದೀಪವೂ ನಿಲ್ಲಬಹುದು. ಮಲ್ಲಾರಿನ ದತ್ತಿಯಂತೆ ಯಾವ ದತ್ತಿಯೂ ಕಾಗದಕ್ಕೆ ಸೇರಬಹುದು. ಶಾಶ್ವತವಾದ ಕಾವಲನ್ನು ಯಾವ ಕಾಲವೂ ಕಂಡುಹಿಡಿದಿಲ್ಲ. ಪ್ರತಿಯೊಂದು ತಲೆಮಾರೂ ತನ್ನ ಪಾಲಿನ ಎಣ್ಣೆಯನ್ನು ತಾನೇ ಎರೆಯಬೇಕು. ಕಾಪುವಿನ ಬಂಡೆಯ ಮೇಲೆ ಇಂದು ಸಂಜೆಯೂ ದೀಪ ಹೊತ್ತಿಕೊಳ್ಳುತ್ತದೆ. ಅದರ ಬೆಳಕು ಹಡಗಿನವನ ಮತವನ್ನು ಕೇಳುವುದಿಲ್ಲ. ಅದನ್ನು ನೋಡಲು ಬಂದವರು ಮರಳುವ ಮುನ್ನ ಧರ್ಮನಾಥ ಬಸದಿಯ ದಾರಿಯನ್ನೂ ಒಮ್ಮೆ ವಿಚಾರಿಸಿದರೆ, ಮದ್ದಹೆಗ್ಗಡೆ ಬೇಡಿದ ಕಾವಲಿನಲ್ಲಿ ಒಂದಂಶ ಸಂದಂತಾಗುತ್ತದೆ.