ಸುಣ್ಣ, ಗಾರೆ, ಗಚ್ಚು: ಕರ್ನಾಟಕದ ಒಂದು ಕಸುಬಿನ ಚರಿತ್ರೆ

ಕರ್ನಾಟಕದ ವಾಸ್ತುಚರಿತ್ರೆಯನ್ನು ಬರೆದವರು ಕಲ್ಲು, ಕಲ್ಲುಕುಟಿಗರು ಮತ್ತು ರೂವಾರಿಗಳ ವಿಷಯದಲ್ಲಿ ತೋರಿದ ಆಸಕ್ತಿಯನ್ನು ಆ ಕಲ್ಲನ್ನೂ ಇಟ್ಟಿಗೆಯನ್ನೂ ಹಿಡಿದು ನಿಲ್ಲಿಸಿದ ಸುಣ್ಣದ ವಿಷಯದಲ್ಲಿ ತೋರಿದ್ದು ಕಡಿಮೆ. ಶಿಲ್ಪಿ ತನ್ನ ಹೆಸರನ್ನು ಕೆಲವೊಮ್ಮೆಯಾದರೂ ಪೀಠದ ಮೇಲೆ ಕೆತ್ತಿಟ್ಟಿದ್ದಾನೆ. ಗೂಡಿನ ಬೆಂಕಿಯ ಮುಂದೆ ನಿಂತು ಸುಣ್ಣ ಸುಟ್ಟವನಿಗೆ ಅಂಥ ಅವಕಾಶ ಒದಗಲಿಲ್ಲ. ಆದರೂ ಬಿಜಾಪುರದ ಗುಮ್ಮಟಗಳಿಂದ ಕನ್ನಂಬಾಡಿಯ ಕಟ್ಟೆಯವರೆಗೆ ಈ ನಾಡಿನ ದೊಡ್ಡ ಕಟ್ಟಡಗಳು ನಿಂತಿರುವುದು ಅವನ ಕೈಕೆಲಸದ ಬಲದಿಂದಲೇ.

ಸುಣ್ಣದ ಮೂಲದಲ್ಲಿರುವುದು ಕ್ಯಾಲ್ಸಿಯಂ ಎಂಬ ಲೋಹ. ಭೂಮಿಯ ಹೊರಪದರದಲ್ಲಿರುವ ಮೂಲವಸ್ತುಗಳಲ್ಲಿ ಪ್ರಮಾಣದ ದೃಷ್ಟಿಯಿಂದ ಇದಕ್ಕೆ ಐದನೆಯ ಸ್ಥಾನವಿದ್ದರೂ, ಇತರ ವಸ್ತುಗಳೊಡನೆ ಬೇಗನೆ ಕೂಡಿಕೊಳ್ಳುವ ಸ್ವಭಾವದಿಂದಾಗಿ ಇದು ಪ್ರಕೃತಿಯಲ್ಲಿ ಎಲ್ಲಿಯೂ ಒಂಟಿಯಾಗಿ ಸಿಗುವುದಿಲ್ಲ. 1808ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ವಿದ್ಯುತ್ತಿನ ನೆರವಿನಿಂದ ಸುಣ್ಣವನ್ನು ಒಡೆದು ಈ ಲೋಹವನ್ನು ಮೊದಲ ಬಾರಿಗೆ ಬೇರ್ಪಡಿಸಿದನು. ಕಲ್ಲು, ಚಿಪ್ಪು, ಮೊಟ್ಟೆಯ ಕವಚ, ಮೂಳೆ, ಹಲ್ಲು ಇವುಗಳಲ್ಲೆಲ್ಲ ಇರುವುದು ಇದರ ಸಂಯುಕ್ತಗಳೇ. ಮನುಷ್ಯನ ದೇಹದಲ್ಲಿರುವ ಕ್ಯಾಲ್ಸಿಯಮ್ಮಿನ ಶೇ. 99ರಷ್ಟು ಭಾಗ ಮೂಳೆ ಮತ್ತು ಹಲ್ಲುಗಳಲ್ಲಿಯೇ ಅಡಗಿದೆ.

ಕರ್ನಾಟಕದಲ್ಲಿ ಸುಣ್ಣಕ್ಕೆ ಬೇಕಾದ ಕಚ್ಚಾವಸ್ತು ಮೂರು ಬಗೆಯಲ್ಲಿ ದೊರೆಯುತ್ತಿತ್ತು, ಮತ್ತು ಈ ಕಸುಬು ಪ್ರದೇಶದಿಂದ ಪ್ರದೇಶಕ್ಕೆ ಬೇರೆ ಬೇರೆ ರೂಪ ತಾಳಿದ್ದಕ್ಕೆ ಇದೇ ಕಾರಣ. ಬಾಗಲಕೋಟೆಯ ಸುತ್ತಲೂ, ತಾಳಿಕೋಟೆಯಿಂದ ಶಹಾಬಾದ್, ಸೇಡಂವರೆಗಿನ ಭೀಮಾ ಸೀಮೆಯಲ್ಲಿಯೂ ಸುಣ್ಣಕಲ್ಲಿನ ಪದರಗಳೇ ಹಾಸಿಕೊಂಡಿವೆ. ಚಿಪ್ಪುಳ್ಳ ಪ್ರಾಣಿಗಳು ಹುಟ್ಟುವುದಕ್ಕೂ ಬಹುಕಾಲ ಮೊದಲು ಆಳವಿಲ್ಲದ ಸಮುದ್ರಗಳ ತಳದಲ್ಲಿ ಇವು ಸಂಚಯಗೊಂಡವು, ಮತ್ತು ಕಲಾದಗಿಯ ಬಂಡೆಗಳಲ್ಲಿ ಅಂದಿನ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಗುರುತುಗಳು ಇಂದಿಗೂ ಕಾಣುತ್ತವೆ. ಎರಡನೆಯದು ಕರಿಮಣ್ಣಿನ ಹೊಲಗಳಲ್ಲಿ ಗಂಟುಗಂಟಾಗಿ ಸಿಗುವ ಕಂಕರ ಕಲ್ಲು. ಮಳೆಯ ನೀರು ಬಂಡೆಗಳಿಂದ ಕ್ಯಾಲ್ಸಿಯಮ್ಮನ್ನು ಕರಗಿಸಿ ಮಣ್ಣಿಗಿಳಿಸುತ್ತದೆ, ಬಿಸಿಲಿಗೆ ನೀರು ಆರಿದಾಗ ಅದು ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಮುರಕಲ್ಲಿನ ಕರಾವಳಿಯಲ್ಲಿ ಈ ಎರಡೂ ಹೇರಳವಾಗಿರಲಿಲ್ಲವಾದ್ದರಿಂದ ಅಲ್ಲಿನವರು ಅಳಿವೆಗಳ, ಅಂದರೆ ನದಿ ಕಡಲನ್ನು ಸೇರುವ ತಾಣಗಳ, ಚಿಪ್ಪನ್ನು ಆಶ್ರಯಿಸಿದರು. ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಬಳಚಿನ ಮಾಂಸ ಊಟಕ್ಕೆ ಒದಗಿದರೆ, ಕೆಸರಿನಡಿ ತಲೆಮಾರುಗಳಿಂದ ಸಂಗ್ರಹಗೊಂಡ ಸತ್ತ ಚಿಪ್ಪು ಸುಣ್ಣದ ಗೂಡಿಗೆ ಹೋಗುತ್ತಿತ್ತು.

ಸುಡುವ ಕೆಲಸ ಮೇಲುನೋಟಕ್ಕೆ ಸರಳವಾಗಿ ಕಂಡರೂ ಅದಕ್ಕೆ ಬೇಕಾದ ಅನುಭವ ದೊಡ್ಡದು. ಗೂಡಿನಲ್ಲಿ ಒಂದು ಪದರ ಇದ್ದಿಲು ಅಥವಾ ಸೌದೆ, ಅದರ ಮೇಲೊಂದು ಪದರ ಕಲ್ಲು ಎಂಬಂತೆ ಪೇರಿಸಿ, ಕೆಳಗಿನ ಕಂಡಿಗಳಿಂದ ಗಾಳಿಯಾಡಲು ಬಿಟ್ಟು ಬೆಂಕಿ ಕೊಟ್ಟರೆ, ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಬಿದ್ದು 100 ಕಿಲೋ ಶುದ್ಧ ಸುಣ್ಣಕಲ್ಲಿನಿಂದ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಬೆಂಕಿ ಸಾಲದಿದ್ದರೆ ಒಳಗೆ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ, ಮಿತಿಮೀರಿದರೆ ಸುಣ್ಣ ಸತ್ತು ನೀರಿಗೆ ಅರಳುವುದಿಲ್ಲ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಇದನ್ನು ಜ್ವಾಲೆಯ ಬಣ್ಣದಿಂದಲೂ ಕಲ್ಲಿನ ತೂಕದಿಂದಲೂ ಗುರುತಿಸುವವನೇ ಸುಣ್ಣಗಾರ. ಹದವಾಗಿ ಬೆಂದ ಗಟ್ಟಿಗೆ ನೀರೆರೆದರೆ ಅದು ಸುಯ್ಯೆಂದು ಆವಿಬಿಟ್ಟು, ಕುದಿದು, ಬಿರಿದು, ಬಿಳಿಯ ಹಿಟ್ಟಾಗಿ ಅರಳುತ್ತದೆ, ಮತ್ತು ಆ ಕ್ಷಣದಲ್ಲಿ ಕೈ ಕಣ್ಣುಗಳನ್ನು ಕಾಪಾಡಿಕೊಳ್ಳುವುದು ಕಸುಬಿನ ಮೊದಲ ಪಾಠವಾಗಿತ್ತು. ಉತ್ತರ ಕರ್ನಾಟಕದಲ್ಲಿ ಸುಣಗಾರ ಎಂಬ ಅಡ್ಡಹೆಸರು ಈ ಕಸುಬಿನ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ.

ಅರಳಿದ ಸುಣ್ಣ ನೇರವಾಗಿ ಗೋಡೆಗೆ ಹೋಗುತ್ತಿರಲಿಲ್ಲ. ಅದನ್ನು ಗುಂಡಿಯಲ್ಲಿ ನೀರಿನಡಿ ವಾರಗಟ್ಟಲೆ ಕೊಳೆಹಾಕಿ, ಅನಂತರ ಮರಳಿನೊಡನೆ ಅಥವಾ ಸುಟ್ಟ ಇಟ್ಟಿಗೆಯ ಪುಡಿಯಾದ ಸುರ್ಕಿಯೊಡನೆ ಬೆರೆಸಿ, ದುಂಡಗಿನ ಕಾಲುವೆಯಲ್ಲಿ ಎತ್ತುಗಳು ಎಳೆಯುವ ಕಲ್ಲುಚಕ್ರದಡಿ ಅರೆದಾಗ ಗಾರೆ ಸಿದ್ಧವಾಗುತ್ತಿತ್ತು. ಗೋಡೆಯ ಮೇಲ್ಮೈಗೆ ಬಳಿಯುವ ನುಣುಪಾದ ಗಚ್ಚಿಗೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮೊದಲಾದವನ್ನು ಸೇರಿಸುವ ರೂಢಿ ದಕ್ಷಿಣ ಭಾರತದಾದ್ಯಂತ ಇತ್ತು. ಗೋಡೆಗೆ ಸೇರಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ವರ್ಷಗಳು ಕಳೆದಂತೆ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಗೂಡಿನಲ್ಲಿ ಕಳೆದುಕೊಂಡದ್ದನ್ನು ಗೋಡೆಯಲ್ಲಿ ಮರಳಿ ಪಡೆಯುವ ಈ ಗುಣವೇ ಹಳೆಯ ಕಟ್ಟಡಗಳ ಬಾಳಿಕೆಯ ಗುಟ್ಟು.

ಈ ಗುಟ್ಟನ್ನು ಆದಿಲಶಾಹಿ ಬಿಜಾಪುರ ಬಳಸಿಕೊಂಡಷ್ಟು ಧೈರ್ಯದಿಂದ ಬೇರೆ ಯಾವ ರಾಜಧಾನಿಯೂ ಬಳಸಿಕೊಂಡಂತೆ ತೋರುವುದಿಲ್ಲ. 1656ರ ವೇಳೆಗೆ ಪೂರ್ಣಗೊಂಡ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು, ಅದರ ಗುಮ್ಮಟದ ದಪ್ಪ ಬುಡದಲ್ಲಿ ಸುಮಾರು 3 ಮೀಟರು. ಇಟ್ಟಿಗೆಯ ಸಾಲುಗಳ ನಡುವೆ ಗಾರೆಯನ್ನು ಧಾರಾಳವಾಗಿ ತುಂಬಿ ಎಬ್ಬಿಸಿದ ಈ ಗುಮ್ಮಟ ಗಾರೆ ಬಿಗಿದಂತೆಲ್ಲ ಒಂದೇ ಬಂಡೆಯಂತೆ ವರ್ತಿಸತೊಡಗಿತು. ಇಬ್ರಾಹಿಂ ರೋಜಾದ ಸಮಾಧಿಕೋಣೆಯ ಮೇಲೆ ಕೆಳಗಿನ ಯಾವ ಆಸರೆಯೂ ಇಲ್ಲದೆ ತೂಗುತ್ತಿರುವ ಚಪ್ಪಟೆ ಕಲ್ಲಿನ ಛಾವಣಿ ಇನ್ನೂ ಹೆಚ್ಚಿನ ಸಾಹಸ. ಬಿಜಾಪುರದ ವಾಸ್ತುವನ್ನು ಅಳೆದು 1916ರಲ್ಲಿ ಗ್ರಂಥ ಪ್ರಕಟಿಸಿದ ಹೆನ್ರಿ ಕಸಿನ್ಸ್ ಇಂಥ ರಚನೆಗಳ ಬಲಕ್ಕೆ ಗಾರೆಯ ಗುಣವನ್ನೇ ಮುಖ್ಯ ಕಾರಣವಾಗಿ ಕಂಡನು. ಈ ಕಟ್ಟಡಗಳ ಕೀರ್ತಿಯಲ್ಲಿ ಸುಲ್ತಾನರಿಗೂ ವಾಸ್ತುವಿದರಿಗೂ ಸಲ್ಲುವ ಪಾಲಿನಷ್ಟೇ ಸುಣ್ಣಗಾರರಿಗೂ ಸಲ್ಲಬೇಕು.

ವಿಜಯನಗರದಲ್ಲಿ ಕಲ್ಲಿನ ಗೋಡೆಗಳು ಬಹುಮಟ್ಟಿಗೆ ಗಾರೆಯಿಲ್ಲದೆ ಎದ್ದರೂ, ಗೋಪುರಗಳ ಇಟ್ಟಿಗೆಯ ಅಂತಸ್ತುಗಳಿಗೂ ಅವುಗಳ ಮೇಲಿನ ಗಚ್ಚಿನ ಬೊಂಬೆಗಳಿಗೂ ಕಮಲ ಮಹಲಿನ ಕಮಾನುಗಳಿಗೂ ಸುಣ್ಣವೇ ಆಧಾರ. 1443ರಲ್ಲಿ ಅಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನು ಜನರು ಅಡಕೆಯೊಡನೆ ಸುಣ್ಣ ಹಚ್ಚಿದ ವೀಳ್ಯದೆಲೆಯನ್ನು ಮೆಲ್ಲುವ ಬಗೆಯನ್ನು ಬಣ್ಣಿಸಿದ್ದಾನೆ. ಸುಣ್ಣ ಕಟ್ಟಡಗಳಲ್ಲಿ ಮಾತ್ರವಲ್ಲದೆ ಮನೆಮನೆಯ ಎಲೆಯಡಕೆಯ ಸಂಚಿಯಲ್ಲಿಯೂ ನೆಲೆಸಿತ್ತು.

ಕರಾವಳಿಯ ಚಿಪ್ಪಿನ ಸುಣ್ಣ ಇನ್ನೊಂದು ಅಪರೂಪದ ಕಲೆಗೆ ಜನ್ಮಕೊಟ್ಟಿತು. ಕುಮಟಾ, ಅಂಕೋಲಾ, ಹೊನ್ನಾವರ ಸೀಮೆಯ ಹಳೆಯ ದೇವಾಲಯಗಳ ಗೋಡೆಗಳಿಗೆ ಮೊದಲು ಬಿಳಿಯ ಗಚ್ಚು ಬಳಿದು, ಅದರ ಮೇಲೆ ಕೆಂಪು ಕಾವಿಯ ತೆಳುಪದರ ಹಚ್ಚಿ, ಅದು ಹಸಿಯಾಗಿರುವಾಗಲೇ ಮೊನಚು ಕಡ್ಡಿಯಿಂದ ಗೀರಿ ಬಿಳುಪು ಮೂಡುವಂತೆ ದೇವತೆಗಳನ್ನೂ ಹೂಬಳ್ಳಿಗಳನ್ನೂ ಬಿಡಿಸುತ್ತಿದ್ದರು. ಕೃಷ್ಣಾನಂದ ಕಾಮತರು ಈ ಕಾವಿಕಲೆಯನ್ನು ಶ್ರದ್ಧೆಯಿಂದ ದಾಖಲಿಸದಿದ್ದರೆ, ಜೀರ್ಣೋದ್ಧಾರದ ಹೆಸರಿನಲ್ಲಿ ಅಳಿದ ಎಷ್ಟೋ ಚಿತ್ರಗಳ ಸುಳಿವೂ ಉಳಿಯುತ್ತಿರಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಣ್ಣಕ್ಕೆ ಅಡಕೆ ತೋಟದಲ್ಲಿಯೂ ಹೊಸ ಕೆಲಸ ದೊರೆಯಿತು. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞನಾಗಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಮಲೆನಾಡಿನ ಅಡಕೆಯ ಕೊಳೆರೋಗದ ಅಧ್ಯಯನವನ್ನು ಪ್ರಕಟಿಸಿದನು, ಮತ್ತು ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮುನ್ನ ಗೊನೆಗಳಿಗೆ ಸಿಂಪಡಿಸುವ ಕ್ರಮ ಇಂದಿಗೂ ಬೆಳೆಗಾರರ ವಾಡಿಕೆಯಾಗಿದೆ.

ಕಸುಬಿನ ಕೊನೆಯ ದೊಡ್ಡ ಪರ್ವವೆಂದರೆ ಕನ್ನಂಬಾಡಿ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ 2.6 ಕಿಲೋಮೀಟರ್ ಉದ್ದದ ಕಟ್ಟೆ ಸಿಮೆಂಟಿನದಲ್ಲ, ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನದು. ಸುಟ್ಟ ಜೇಡಿಮಣ್ಣಿನ ಸಿಲಿಕಾ ಮತ್ತು ಅಲ್ಯುಮಿನಾ ಸುಣ್ಣದೊಡನೆ ಕೂಡಿ ನೀರಿನಲ್ಲಿಯೂ ಗಟ್ಟಿಯಾಗುವ ಸಂಯುಕ್ತಗಳಾಗುತ್ತವೆ. ಕಾವೇರಿಯ ಒತ್ತಡವನ್ನು ತಡೆದು ನಿಂತಿರುವುದು ಈ ಬೆಸುಗೆಯೇ. ಆ ಕಟ್ಟೆ ಏಳುತ್ತಿದ್ದ ದಶಕಗಳಲ್ಲೇ ಭಾರತದಲ್ಲಿ ಸಿಮೆಂಟ್ ಉದ್ಯಮ ಬೇರೂರಿ, ಭೀಮಾ ಸೀಮೆಯ ಸುಣ್ಣಕಲ್ಲು ಸಣ್ಣ ಗೂಡುಗಳ ಬದಲು ಸುಮಾರು 1450 ಡಿಗ್ರಿ ಶಾಖದ ಕುಲುಮೆಗಳಿಗೆ ಹೋಗತೊಡಗಿತು. ಬೇಗ ಬಿಗಿಯುವ ಸಿಮೆಂಟಿನ ಮುಂದೆ ವಾರಗಟ್ಟಲೆ ಕೊಳೆಯಬೇಕಾದ ಸುಣ್ಣ ನಿಲ್ಲಲಿಲ್ಲ. ಗೂಡುಗಳು ಒಂದೊಂದಾಗಿ ಆರಿದವು.

ಹೊಸ ಕಟ್ಟಡಗಳಿಗೆ ಸಿಮೆಂಟ್ ಬಂದದ್ದರಲ್ಲಿ ತಪ್ಪೇನಿಲ್ಲ. ಆದರೆ ಹಳೆಯ ಗೋಡೆಗಳಿಗೆ ಅದನ್ನು ಮೆತ್ತುವುದು ದೊಡ್ಡ ಹಾನಿ: ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಅದನ್ನು ಒಳಗೇ ತಡೆಯುತ್ತದೆ, ಒಳಗುಳಿದ ನೀರು ಮತ್ತು ಲವಣಗಳು ಇಟ್ಟಿಗೆಯನ್ನೂ ಕಲ್ಲನ್ನೂ ಸವೆಸುತ್ತವೆ. ಊರಿನ ದೇವಾಲಯವನ್ನೋ ಮನೆತನದ ಹಳೆಯ ಮನೆಯನ್ನೋ ದುರಸ್ತಿ ಮಾಡಿಸಹೊರಟವರು ಸಿಮೆಂಟಿನ ಚೀಲ ತರಿಸುವ ಮುನ್ನ ಗೋಡೆಯೊಳಗಿರುವುದು ಯಾವ ಗಾರೆ ಎಂದು ಪರೀಕ್ಷಿಸಿಕೊಳ್ಳಬೇಕು, ಮತ್ತು ಸುಣ್ಣ ಸುಡುವುದನ್ನೂ ಗಾರೆ ಅರೆಯುವುದನ್ನೂ ಬಲ್ಲ ಹಿರಿಯರು ಎಲ್ಲಿಯೇ ಇರಲಿ, ಅವರ ತಿಳಿವಳಿಕೆಯನ್ನು ಅವರ ಮಾತಿನಲ್ಲಿಯೇ ಬರೆದಿಡುವ ಕೆಲಸ ಈಗಲೇ ನಡೆಯಬೇಕು.