ರಂಗನತಿಟ್ಟಿನಿಂದ ಕೊಕ್ಕರೆಬೆಳ್ಳೂರಿನವರೆಗೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬೆಂಗಳೂರಿನ ಶೇಷಾದ್ರಿಪುರಂ ಸೇರಿಕೊಂಡ ನಮ್ಮಂಥವರನ್ನೂ ಮರೆಯದೆ, ಸ್ಮರಣ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬರೆದುಕೊಡಿ ಅಂತ ಕಾರ್ಯದರ್ಶಿಗಳು ಕೇಳಿದರು. ಯಾವ ಇತಿಹಾಸ ಬರೆಯುವುದು ಅಂತ ನಾವು ಹೆಚ್ಚು ಯೋಚಿಸಬೇಕಾಗಲಿಲ್ಲ. ಕಳೆದ ಯುಗಾದಿಗೆ ಊರಿಗೆ ಬಂದಿದ್ದಾಗ ಸಂಘದ ಜಗಲಿಯ ಮೇಲೆ ಕೇಳಿದ ಒಂದು ಮಾತು ಇನ್ನೂ ನಮ್ಮ ಮನಸ್ಸಿನಲ್ಲಿ ಕೊರೆಯುತ್ತಿದೆ.

ನಮ್ಮ ಕೆರೆಯ ನಡುವಿನ ತಿಟ್ಟಿನ ಮೇಲಿರುವ ಜಾಲಿಮರಗಳನ್ನು ಪಂಚಾಯ್ತಿಗೆ ಹೇಳಿ ಹರಾಜು ಹಾಕಿಸಿದರೆ ಊರಿಗೆ ನಾಲ್ಕು ಕಾಸು ಬರುತ್ತದೆ ಎಂಬುದು ಆ ಮಾತು. ಎಲ್ಲರೂ ಹೌದೆಂದರು. ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಮಾತ್ರ, "ಅಲ್ಲಪ್ಪಾ, ಆ ಬೆಳ್ಳಕ್ಕಿಗಳು ಎಲ್ಲಿಗೋಯ್ತವೆ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ನಾವೂ ಕೊಡಲಿಲ್ಲ. ಈ ಲೇಖನವನ್ನು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ ಎಂದು ತಿಳಿಯಬೇಕು.

ನೀರಿನ ನಡುವಿನ ನೆಲಕ್ಕೆ ನಮ್ಮ ಸೀಮೆಯಲ್ಲಿ ಯಾವತ್ತೂ ಬೆಲೆ ಇದ್ದೇ ಇತ್ತು. ಶ್ರೀರಂಗಪಟ್ಟಣವೇ ಕಾವೇರಿಯ ಎರಡು ಕವಲುಗಳ ನಡುವಿನ ಒಂದು ದ್ವೀಪ. ಶತ್ರುಗಳಿಗೆ ಸುಲಭದಲ್ಲಿ ಸಿಗದ ಜಾಗವೆಂದು ಅರಸರು ಅಲ್ಲಿ ಕೋಟೆ ಕಟ್ಟಿಕೊಂಡರು. ಕೆಳಗಡೆ ಶಿವನಸಮುದ್ರವೂ ನಡುಗಡ್ಡೆಯೇ. ನಾವೀಗ ವಾಸವಿರುವ ಬಡಾವಣೆಗೆ ಯಾರ ಹೆಸರಿದೆಯೋ ಆ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅಲ್ಲಿ ವಿದ್ಯುತ್ ಯೋಜನೆ ಕೈಗೊಂಡರು. 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರು ನಗರಕ್ಕೂ ಅಲ್ಲಿಂದ ಕರೆಂಟು ಬಂತು. ಹೀಗೆ ಒಂದು ನಡುಗಡ್ಡೆ ರಾಜ್ಯರಕ್ಷಣೆಗೆ, ಇನ್ನೊಂದು ದೀಪಕ್ಕೆ ಆಯಿತು. ಹಕ್ಕಿಗಳಿಗೂ ಒಂದು ಜಾಗ ಬೇಕು ಎಂಬ ಯೋಚನೆ ಸರ್ಕಾರದ ಕಾಗದಕ್ಕೆ ಬಂದದ್ದು ಬಹಳ ತಡವಾಗಿ, 1940ರಲ್ಲಿ.

ಅದೇ ರಂಗನತಿಟ್ಟು. ತಿಟ್ಟು ಅಂದರೆ ದಿಬ್ಬ, ಎತ್ತರದ ನೆಲ ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ತಿಟ್ಟುಗಳ ಹುಟ್ಟಿನ ಹಿಂದೆ ಮನುಷ್ಯರ ಕೆಲಸವೇ ಇದೆ. 1640ರ ದಶಕದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಗದ್ದೆಗಳಿಗೆ ನೀರುಣಿಸಲು ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದರು. ಕಟ್ಟೆಯ ಹಿಂದೆ ನೀರು ನಿಂತಿತು, ನಡುನಡುವೆ ಎತ್ತರದ ನೆಲ ತಿಟ್ಟುಗಳಾಗಿ ಉಳಿಯಿತು, ಅಲ್ಲಿ ಗಿಡಮರ ಬೆಳೆದವು. ಸುತ್ತ ನೀರಿರುವುದರಿಂದ ನಾಯಿ, ಬೆಕ್ಕು, ಮನುಷ್ಯ ಯಾರೂ ಸುಲಭವಾಗಿ ಅಲ್ಲಿಗೆ ಹೋಗುವಂತಿಲ್ಲ. ಹಕ್ಕಿಗೆ ಇದಕ್ಕಿಂತ ಒಳ್ಳೆಯ ಬಾಣಂತಿಕೋಣೆ ಬೇಕೇ? ಬಣ್ಣದ ಕೊಕ್ಕರೆ, ಬಾಯಿಕಳಕ, ಚಮಚದ ಕೊಕ್ಕಿನ ಹಕ್ಕಿ, ನೀರುಕಾಗೆ, ಬೆಳ್ಳಕ್ಕಿ, ಹೆಜ್ಜಾರ್ಲೆ ಎಲ್ಲವೂ ಬಂದು ನೆಲೆಸಿದವು. ರೈತನ ಗದ್ದೆಗೆಂದು ಕಟ್ಟಿದ ಕಟ್ಟೆಯೇ ಹಕ್ಕಿಗಳಿಗೂ ಮನೆ ಮಾಡಿಕೊಟ್ಟಿತು.

ಪಕ್ಷಿತಜ್ಞ ಡಾ. ಸಲೀಂ ಅಲಿಯವರು ಆ ಕಾಲದಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಈ ತಿಟ್ಟುಗಳನ್ನು ನೋಡಿ, ಇವನ್ನು ರಕ್ಷಿಸಬೇಕೆಂದು ಮೈಸೂರು ಅರಸರ ಮನ ಒಲಿಸಿದರು. 1940ರಲ್ಲಿ ಸುಮಾರು 40 ಎಕರೆಯ ಪ್ರದೇಶ ಪಕ್ಷಿಧಾಮವಾಯಿತು. 2022ರಲ್ಲಿ ಸುತ್ತಲಿನ ನದಿಯೂ ಸೇರಿ ಸುಮಾರು 518 ಹೆಕ್ಟೇರ್ ಜಾಗ ರಾಮ್‌ಸಾರ್ ಪಟ್ಟಿಗೆ ಸೇರಿತು. ರಾಮ್‌ಸಾರ್ ಎಂಬುದು ಇರಾನ್ ದೇಶದ ಒಂದು ಊರು. ಕೆರೆ, ಜೌಗು, ನದಿ ಇಂಥ ನೀರಿನ ನೆಲೆಗಳನ್ನು ಕಾಪಾಡಬೇಕೆಂದು 1971ರಲ್ಲಿ ಅಲ್ಲಿ ದೇಶದೇಶಗಳ ನಡುವೆ ಒಪ್ಪಂದವಾಯಿತು. ಆ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ಜಾಗ ರಂಗನತಿಟ್ಟು.

ಆದರೆ ಅರಸರ ಒಂದು ಆಜ್ಞೆಯಿಂದ ಎಲ್ಲವೂ ಮುಗಿಯಲಿಲ್ಲ. ಮೇಲೆ ಕನ್ನಂಬಾಡಿ ಕಟ್ಟೆ ಇದೆ. ಮಳೆ ಜೋರಾಗಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ತಿಟ್ಟುಗಳು ಮುಳುಗುತ್ತವೆ, ತಗ್ಗಿನ ಗೂಡುಗಳು ಮೊಟ್ಟೆ ಮರಿ ಸಮೇತ ಕೊಚ್ಚಿಹೋಗುತ್ತವೆ. ಕೊರೆದುಹೋದ ಅಂಚುಗಳಿಗೆ ಅರಣ್ಯ ಇಲಾಖೆಯವರು ಮರಳಿನ ಮೂಟೆ ಜೋಡಿಸಬೇಕಾಗುತ್ತದೆ. ತಿಟ್ಟಿಗೆ ಬೇಲಿ ಹಾಕಬಹುದು, ನೀರಿಗೆ ಬೇಲಿ ಹಾಕಲಾಗುತ್ತದೆಯೇ? ಹಕ್ಕಿಯ ಮನೆಯ ವಿಷಯ ಅಂದರೆ ನೀರು ಬಿಡುವವರು, ಗದ್ದೆ ಉಳುವವರು, ಮೀನು ಹಿಡಿಯುವವರು ಎಲ್ಲರ ವಿಷಯವೂ ಹೌದು.

ಈ ಮಾತು ಇನ್ನೂ ಚೆನ್ನಾಗಿ ಅರ್ಥವಾಗಬೇಕಾದರೆ ಕೊಕ್ಕರೆಬೆಳ್ಳೂರಿಗೆ ಹೋಗಬೇಕು. ಮದ್ದೂರು ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಹತ್ತಿರವಿರುವ ಊರು ಅದು. ಬೆಂಗಳೂರು ಮೈಸೂರು ಹಳೇ ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿ ಸುಮಾರು 12 ಕಿಲೋಮೀಟರ್. ಅಲ್ಲಿ ನಡುಗಡ್ಡೆಯೂ ಇಲ್ಲ, ಬೇಲಿಯೂ ಇಲ್ಲ. ಮನೆಗಳ ಹಿತ್ತಲಿನ ಹುಣಸೆ, ಆಲ, ಅರಳಿ ಮರಗಳ ಮೇಲೆಯೇ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ, ಹಸು ಕಟ್ಟಿರುತ್ತಾರೆ, ಮೇಲೆ ಮರಿಗಳು ಕೂಗುತ್ತಿರುತ್ತವೆ. ಪ್ಲೇಗ್ ಕಾಲದಲ್ಲಿ ನದಿ ಹತ್ತಿರದ ಹಳೇ ಊರು ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಜೊತೆಯಲ್ಲೇ ಬಂದವು ಎಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಅವು ತವರಿಗೆ ಬಾಣಂತನಕ್ಕೆ ಬರುವ ಹೆಣ್ಣುಮಕ್ಕಳಿದ್ದಂತೆ ಎಂಬುದು ಅವರ ಭಾವನೆ. ಮನೆಮಗಳನ್ನು ಓಡಿಸುವವರುಂಟೇ?

ಹೊರಗಿನವರಿಗೆ ಆ ಊರಿನ ಹೆಜ್ಜಾರ್ಲೆಗಳ ವಿಷಯ ತಿಳಿಸಿಕೊಟ್ಟವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು. ಅದು 1976ರ ಮಾತು. 1980ರ ದಶಕದಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಲಕ್ಷಗಟ್ಟಲೆ ಮರ ಬೆಳೆಸಿದವರೂ ಇವರೇ. ಶೇಷಾದ್ರಿಪುರಂನಲ್ಲಿ ಬಿಸಿಲಲ್ಲಿ ಓಡಾಡುವಾಗ ನೆರಳು ಸಿಕ್ಕರೆ ನಾವು ಅವರನ್ನು ನೆನೆಯುತ್ತೇವೆ.

ಪ್ರೀತಿ ಇದ್ದರೂ ನಷ್ಟ ನಷ್ಟವೇ ಅಲ್ಲವೇ? ಹುಣಸೆ ಬಡಿಯುವ ಕಾಲವೂ ಹಕ್ಕಿ ಮರಿ ಮಾಡುವ ಕಾಲವೂ ಒಂದೇ. ಗೂಡಿರುವ ಮರ ಬಡಿದರೆ ಮರಿ ಸಾಯುತ್ತದೆ, ಬಡಿಯದಿದ್ದರೆ ಹುಣಸೆ ಹೋಗುತ್ತದೆ. ಬಡವರ ಮನೆಗೆ ಒಂದು ಹುಣಸೆಮರದ ಆದಾಯ ಸಣ್ಣದಲ್ಲ. ಕಷ್ಟ ಬಂದಾಗ ಮರವನ್ನೇ ಮಾರಿದವರೂ ಉಂಟು. ಅದಕ್ಕಾಗಿ ಗೂಡಿರುವ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಮಾಡಿತು. ಮರದ ಬುಡದಲ್ಲಿ ಗುಂಡಿ ತೋಡಿ, ಬಿದ್ದ ಹಿಕ್ಕೆಗೆ ಕೆರೆಗೋಡು ಬೆರೆಸಿ ಗೊಬ್ಬರ ಮಾಡಿಕೊಳ್ಳುವುದು ಊರವರದೇ ಹಳೆಯ ಜಾಣ್ಮೆ. 1994ರಿಂದ ಮೈಸೂರಿನ ನಿಸರ್ಗಪ್ರಿಯರು ಊರಿನ ಯುವಕರ ಜೊತೆ ಕೂಡಿ ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ದೊಡ್ಡಿಯಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕೆಲಸ ನಡೆಯಿತು.

ಕಾನೂನು ಬಂದದ್ದು ಇದೆಲ್ಲ ಆದ ಮೇಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಸಮುದಾಯ ಮೀಸಲು ಎಂಬ ಹೊಸ ಏರ್ಪಾಡು ಸೇರಿತು. ಜನ ತಾವಾಗಿ ಒಪ್ಪಿದರೆ, ಖಾಸಗಿ ಇಲ್ಲವೇ ಸಮುದಾಯದ ಜಮೀನು ಅವರ ಹೆಸರಿನಲ್ಲೇ ಉಳಿದು ರಕ್ಷಣೆ ಪಡೆಯುತ್ತದೆ. ನೋಡಿಕೊಳ್ಳುವ ಸಮಿತಿಯಲ್ಲಿ ಪಂಚಾಯ್ತಿ ಸೂಚಿಸುವ ಕನಿಷ್ಠ ಐವರು ಪ್ರತಿನಿಧಿಗಳು ಇರಬೇಕು. ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆ ಇಲ್ಲದೆ ಆ ನೆಲದ ಬಳಕೆ ಬದಲಾಯಿಸುವಂತಿಲ್ಲ. 2007ರಲ್ಲಿ ಕೊಕ್ಕರೆಬೆಳ್ಳೂರು ಹೀಗೆ ಸಮುದಾಯ ಮೀಸಲಾಯಿತು.

ಸಹಕಾರಿಗಳಾದ ನಮಗೆ ಇದು ಹೊಸದಾಗಿ ಕಾಣಬೇಕಾಗಿಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಮಾಡಿದ್ದೂ ಇದನ್ನೇ. ಒಬ್ಬನ ಕಷ್ಟವನ್ನು ಹತ್ತು ಜನ ಹಂಚಿಕೊಂಡರೆ ಯಾರೂ ಮುಳುಗುವುದಿಲ್ಲ. ಹುಣಸೆಯ ನಷ್ಟ ಒಬ್ಬ ಮಾಲೀಕನ ತಲೆಯ ಮೇಲೆ ಮಾತ್ರ ಬಿದ್ದರೆ ಹಕ್ಕಿ ಉಳಿಯುವುದಿಲ್ಲ.

ಆದರೂ ಒಂದು ಊರು ತಾನೊಂದೇ ಎಲ್ಲವನ್ನೂ ಮಾಡಲಾರದು. 2017ರ ಕೊನೆಯಿಂದ 2018ರವರೆಗೆ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಹುಳುಗಳು ಕಂಡವು. ತಿಂದ ಮೀನಿನಿಂದ ಬಂದವು ಎಂದರು. ಗೂಡು ಈ ಊರಿನಲ್ಲಿದ್ದರೂ ಊಟ ಸುತ್ತಲಿನ ಹತ್ತಾರು ಊರುಗಳ ಕೆರೆಗಳಲ್ಲಿ. ಆ ಕೆರೆಗಳಿಗೆ ಕೊಳಚೆ ಬಿಟ್ಟರೆ ಇಲ್ಲಿ ಎಷ್ಟು ಪ್ರೀತಿ ಇದ್ದು ಏನು ಪ್ರಯೋಜನ?

ಈಗ ನಮ್ಮ ತಿಟ್ಟಿನ ವಿಷಯಕ್ಕೆ ಬರೋಣ. ಸಣ್ಣ ತಿಟ್ಟು ಅಂತ ತಾತ್ಸಾರ ಮಾಡುವ ಹಾಗಿಲ್ಲ. ಶಿವಮೊಗ್ಗ ತೀರ್ಥಹಳ್ಳಿ ರಸ್ತೆಯ ಪಕ್ಕದಲ್ಲೇ ತುಂಗಾ ನದಿಯೊಳಗಿನ ಮಂಡಗದ್ದೆ ನಡುಗಡ್ಡೆ ಬರೀ ಒಂದು ಎಕರೆ ಚಿಲ್ಲರೆ. ಮಳೆಗಾಲದಲ್ಲಿ ಅಲ್ಲಿನ ಗಿಡಗಳು ಹಕ್ಕಿಗಳಿಂದ ಬೆಳ್ಳಗಾಗಿರುತ್ತವೆ. ವಿಜಯನಗರ ಜಿಲ್ಲೆಯ ಅಂಕಸಮುದ್ರವಂತೂ ನಮ್ಮದರ ಹಾಗೆಯೇ ಒಂದು ಹಳ್ಳಿಯ ಕೆರೆ, ಒಳಗೆ ಜಾಲಿಮರಗಳು. ಸುಮಾರು 244 ಎಕರೆಯ ಆ ಕೆರೆ 2024ರಲ್ಲಿ ರಾಮ್‌ಸಾರ್ ಪಟ್ಟಿ ಸೇರಿತು. ಜಾಲಿ ಅಂದರೆ ಬರೀ ಸೌದೆ ಅಂದುಕೊಂಡವರು ನಾವು!

ಮರ ಕಡಿಯಲೇಬೇಡಿ ಎಂದು ದೂರದಲ್ಲಿ ಕೂತು ಹೇಳುವ ಹಕ್ಕು ನಮಗಿಲ್ಲ. ಆದರೆ ಹರಾಜಿಗೆ ಮುಂಚೆ ಮೂರು ಕೆಲಸ ಆಗಲಿ ಎಂದು ವಿನಂತಿಸುತ್ತೇವೆ. ಒಂದು ವರ್ಷ, ಯಾವ ತಿಂಗಳು ಯಾವ ಹಕ್ಕಿ ಬರುತ್ತದೆ, ಎಷ್ಟು ಗೂಡು ಎಂದು ಶಾಲೆಯ ಮಕ್ಕಳ ಕೈಲಿ ಲೆಕ್ಕ ಬರೆಸೋಣ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯ್ತಿಯಲ್ಲೂ ಸಮಿತಿ ಇರಬೇಕು, ದಾಖಲೆ ಪುಸ್ತಕ ಇಡಬೇಕು. ಆ ಲೆಕ್ಕ ಅದರಲ್ಲಿ ಸೇರಲಿ. ಎರಡನೆಯದಾಗಿ, ಮರ ಉಳಿಸಿದರೆ ಯಾರಿಗೆ ಎಷ್ಟು ನಷ್ಟ, ಮೀನು ಹಿಡಿಯುವವರಿಗೆ ಏನು ತೊಂದರೆ ಎಂಬುದನ್ನು ಅವರನ್ನೇ ಕೂರಿಸಿಕೊಂಡು ಕೇಳೋಣ. ಮೂರನೆಯದಾಗಿ, ಫೆಬ್ರವರಿ ಮಾರ್ಚ್‌ನಲ್ಲಿ ಒಂದು ಬಸ್ಸು ಮಾಡಿಕೊಂಡು ಎಲ್ಲರೂ ಕೊಕ್ಕರೆಬೆಳ್ಳೂರಿಗೆ ಹೋಗಿ ಬರೋಣ. ಬಸ್ಸಿನ ಬಾಡಿಗೆಗೆ ಶೇಷಾದ್ರಿಪುರಂನಲ್ಲಿರುವ ನಾವು ನಮ್ಮ ಪಾಲು ಕೊಡುತ್ತೇವೆ.

ಆಮೇಲೆ ಸಂಘದ ಜಗಲಿಯ ಮೇಲೆ ಕೂತು ತೀರ್ಮಾನ ಮಾಡೋಣ. ಅವತ್ತು ಆ ಹಿರಿಯರನ್ನು ಮೂಲೆಯಲ್ಲಿ ಕೂರಿಸದೆ ಮುಂದಿನ ಸಾಲಿನಲ್ಲಿ ಕೂರಿಸಬೇಕು ಎಂಬುದಷ್ಟೇ ನಮ್ಮ ಕೋರಿಕೆ.